ಜಾಗವಿಲ್ಲ ಎಂದ ಕಂಪ್ಯೂಟರು

ನಿನ್ನೆ ಬೆಳಗೊಳದ ಹತ್ತಿರ ನಾಲೆಯ ಹೂಳು ಎತ್ತುತ್ತಿದ್ದರು. ಬಸ್ಸಿನ ಕಿಟಕಿಯಿಂದ ಹಸಿ ಕೆಸರಿನ ವಾಸನೆ ನುಗ್ಗಿದ್ದೇ ತಡ, ಅಕ್ಕಪಕ್ಕದವರೆಲ್ಲ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಕಂಪ್ಯೂಟರು ನೆನಪಾಯಿತು. ನಗಬೇಡಿ, ಕಾರಣ ಹೇಳುತ್ತೇನೆ.

ಕೆ.ಆರ್.ಪೇಟೆಯ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ನನಗೆ ಸೋಬಾನೆ ಪದ ಸಂಗ್ರಹಿಸುವ ಹುಚ್ಚು. ಮೊದಲು ಹಾಡಿಸಿದ್ದು ನನ್ನ ಅವ್ವನಿಂದಲೇ. ನಾಗಮಂಗಲದ ಕಡೆಯ ಹೆಣ್ಣು. ಅವಳ ದನಿಯಿಲ್ಲದೆ ನಮ್ಮೂರ ಮದುವೆಗಳಲ್ಲಿ ಅರಿಶಿನ ಕುಟ್ಟುವ ಶಾಸ್ತ್ರ ಶುರುವಾಗುತ್ತಿರಲಿಲ್ಲ. ಹಾಡಿನ ಮಧ್ಯೆ ಮಾತಾಡುವುದು ಅವಳ ಚಾಳಿ. ನಾನು ಆ ಮಾತನ್ನೆಲ್ಲ ಕಂಪ್ಯೂಟರಿನಲ್ಲಿ ಕತ್ತರಿಸಿ, ಬರೀ ಹಾಡು ಉಳಿಸಿಕೊಂಡು, ಮೂಲವನ್ನು ಅಳಿಸಿಬಿಡುತ್ತಿದ್ದೆ. ಸಂಗ್ರಹವೆಂದರೆ ಶುದ್ಧವಾಗಿರಬೇಕೆಂಬ ಗರ್ವ. ಅವ್ವ ತೀರಿಕೊಂಡ ಮೇಲೆ ಊರೂರು ಸುತ್ತಿ ಇನ್ನಷ್ಟು ತುಂಬಿದೆ. ಕಂಪ್ಯೂಟರು ನಡೆಸುವ ತಂತ್ರಾಂಶವಾಗಿ ಹಾಕಿಸಿದ್ದು ಲಿನಕ್ಸು, ಪುಕ್ಕಟೆ ಸಿಗುತ್ತದೆಂದು. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸುವವನಲ್ಲ ನಾನು.

ಒಂದು ಬೆಳಿಗ್ಗೆ ಕಂಪ್ಯೂಟರು ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಉಗುಳಿ ನಿಂತುಬಿಟ್ಟಿತು. ಇನ್ನೊಂದು ಪ್ರತಿ ಇಟ್ಟುಕೊಳ್ಳುವ ಬುದ್ಧಿ ನನಗೆಲ್ಲಿಯದು? ಅವ್ವನ ದನಿ ಲೋಕದಲ್ಲಿ ಉಳಿದಿದ್ದದ್ದು ಅದೊಂದೇ ಡಬ್ಬಿಯಲ್ಲಿ. ಪೇಟೆಯ ರಿಪೇರಿಯವನು, "ಫಾರ್ಮ್ಯಾಟ್ ಮಾಡುಸ್ಬುಡಿ ಸಾ, ವಸಾದ್ರಂಗೆ ಆಯ್ತದೆ" ಎಂದ. ಅಂದರೆ ಒಳಗಿನದನ್ನೆಲ್ಲ ಒರೆಸಿಹಾಕುವುದು. ನಾನು ಡಬ್ಬಿಯನ್ನು ಅವನ ಕೈಗೆ ಕೊಡಲಿಲ್ಲ.

ಕಡೆಗೆ ಮನೆಗೆ ಕರೆದದ್ದು ನಮ್ಮ ಕಾಲೇಜಿನ ಲ್ಯಾಬು ನೋಡಿಕೊಳ್ಳುತ್ತಿದ್ದ ಸಾವಿತ್ರಿಯನ್ನು. ಪಾಂಡವಪುರದವಳು, ನೀರುಗಂಟಿಯ ಮಗಳು. ಗದ್ದೆಗಳಿಗೆ ಸರದಿಯಂತೆ ನಾಲೆ ನೀರು ಬಿಡುವುದು ಅವರಪ್ಪನ ಕೆಲಸವಾಗಿತ್ತು. ಫಾರ್ಮ್ಯಾಟಿನ ಮಾತು ಕೇಳಿ ಅವಳು ನಕ್ಕಳು.

"ಕಡೇ ಗದ್ದೆಗೆ ನೀರು ಬರ್ನಿಲ್ಲ ಅಂತ ಯಾರಾರ ತೂಬು ಒಡೀತಾರಾ ಸಾ? ನಮ್ಮಪ್ಪ ಕಡೇ ಗದ್ದೆಯಿಂದ ಮೇಲುಕ್ಕೆ ನಡ್ಕಂಡ್ ಓಯ್ತಿದ್ದ. ಎಲ್ಲಿ ಕಟ್ಕಂಡದೋ ಅಲ್ಲಿ ಕಸ ತೆಗೀತಿದ್ದ, ಅಷ್ಟೇಯ."

ಅಪ್ಪನ ಹಾಗೆಯೇ ಕಂಪ್ಯೂಟರಿನೊಳಗೆ ನಡೆದಳು, ಅವಸರವಿಲ್ಲದೆ. ನಾನು ಉಗುಳು ಅಂದುಕೊಂಡಿದ್ದ ಸಾಲುಗಳನ್ನು ಬೆರಳಿಟ್ಟು ಓದಿದಳು. "ಇದು ಕೆಟ್ಟಿಲ್ಲ ಸಾ. ಜಾಗ ಇಲ್ಲ ಅಂತ ಬಾಯ್ಬುಟ್ಟು ಯೋಳ್ತಾ ಅದೆ." ಆಮೇಲೆ ಪುಟ್ಟ ಪುಟ್ಟ ಆಜ್ಞೆಗಳನ್ನು ಟೈಪು ಮಾಡುತ್ತ, ಒಟ್ಟು ಎಷ್ಟು ತುಂಬಿದೆ, ಯಾವ ಕೋಣೆಯಲ್ಲಿ ಹೆಚ್ಚು, ಅದರ ಯಾವ ಮೂಲೆಯಲ್ಲಿ ಎಂದು ವಿಚಾರಿಸಿದಳು. ಕೇಳಿದ್ದಕ್ಕೆಲ್ಲ ಯಂತ್ರ ಸುಳ್ಳಿಲ್ಲದೆ ಉತ್ತರ ಕೊಟ್ಟಿತು. ಜೀವಮಾನವೆಲ್ಲ ಮಕ್ಕಳಿಗೆ ಪ್ರಶ್ನೆ ಕೇಳಿದವನು ನಾನು. ಪ್ರಶ್ನೆ ಕೇಳುವುದು ಹೀಗೆ ಎಂದು ತಿಳಿದದ್ದು ಅವತ್ತೇ.

ಕಸ ಸಿಕ್ಕಿತು. ನಾನು ಅಳಿಸಿದ್ದು ಯಾವುದೂ ಅಳಿದಿರಲಿಲ್ಲ. ಎಲ್ಲ ಕಸದ ಬುಟ್ಟಿ ಎಂಬ ಜಾಗದಲ್ಲಿ ಹೋಗಿ ಕೂತಿತ್ತು. ಆ ಬುಟ್ಟಿಯನ್ನು ಖಾಲಿ ಮಾಡಬೇಕೆಂಬುದೇ ನನಗೆ ಗೊತ್ತಿರಲಿಲ್ಲ.

"ಕಸ ತಾನೇ, ಎಸೆದುಬಿಡಮ್ಮ" ಎಂದೆ.

"ನೋಡ್ದೆ ಎಸ್ಯಕಿಲ್ಲ ಸಾ. ನಾಲೆ ಕಸ್ವ ಏರಿ ಮೇಲೆ ಆಕಿ ಒಂದಿನ ಬುಡೋನು ನಮ್ಮಪ್ಪ. ಯಾರ್ದಾರ ಕುಡ್ಲು, ಕಾಲುಂಗ್ರ ಸಿಕ್ಕೋದು."

ಅದನ್ನೆಲ್ಲ ತಾನು ತಂದಿದ್ದ ಇನ್ನೊಂದು ಡಿಸ್ಕಿಗೆ ಸಾಗಿಸಿದಳು. ಜಾಗವಾಗುತ್ತಲೇ ಕಂಪ್ಯೂಟರು ಎದ್ದು ಕೂತಿತು. ಹಾಡುಗಳೆಲ್ಲ ಇದ್ದವು. ನಾನು ಉಸಿರು ಬಿಡುವಷ್ಟರಲ್ಲಿ ಅವಳು ಕಸದೊಳಗಿನ ಒಂದನ್ನು ಒತ್ತಿದಳು.

ಅವ್ವ ಹಾಡುತ್ತಿದ್ದಳು. ನಡುವೆ ನಿಲ್ಲಿಸಿ, "ಬೆಳುಗ್ಗಿಂದ ಏನೂ ಉಂಡಿಲ್ವಲ್ಲೋ ಮಗ. ಸೊಪ್ಪಿನ ಸಾರು ಮಾಡಿವ್ನಿ, ಒಂದು ಮುದ್ದೆ ಉಂಡ್ಬುಡ್ಲಾ" ಎಂದಳು. ಅದರ ಮೇಲೆ ನನ್ನ ದನಿ: "ಸುಮ್ನೆ ಹಾಡವ್ವ, ಎಲ್ಲಾ ಕೆಡ್ತದೆ." ಅವಳು ಬಿಟ್ಟ ಸಾಲಿನಿಂದಲೇ ಮತ್ತೆ ಹಾಡಿದಳು.

ನಾನು ಅತ್ತುಬಿಟ್ಟೆ. ಸಾವಿತ್ರಿ ಕಿಟಕಿಯ ಕಡೆ ತಿರುಗಿ ನಿಂತಳು. ನಾನು ಗಂಟೆಗಟ್ಟಲೆ ಕೂತು ಕತ್ತರಿಸಿದ್ದನ್ನು ಆ ಪುಕ್ಕಟೆ ಲಿನಕ್ಸು ಒಂದು ಮಾತೂ ಬಿಡದೆ ಕಾಪಾಡಿ, ಕಡೆಗೆ ತಾನೇ ಎದ್ದು ಕೂರಲು ಜಾಗವಿಲ್ಲದಂತೆ ಮಾಡಿಕೊಂಡಿತ್ತು. ಇದಕ್ಕಿಂತ ದೊಡ್ಡ ಸೋಜಿಗ ನಾನು ಕಂಡಿಲ್ಲ.

ನಿನ್ನೆ ಬೆಳಗೊಳಕ್ಕೆ ಹೋಗಿದ್ದೂ ಒಬ್ಬ ಅಜ್ಜಿಯಿಂದ ಹಾಡಿಸುವುದಕ್ಕೆ. ಎರಡು ಪದ ಹಾಡಿದ ಅಜ್ಜಿ ಥಟ್ಟನೆ ನಿಲ್ಲಿಸಿ, "ಉಂಡ್ಕಂಡ್ ಬಂದ್ಯಾ ಮಗ?" ಎಂದಳು. ರೆಕಾರ್ಡರು ಓಡುತ್ತಲೇ ಇತ್ತು.

"ಇಲ್ಲ ಕಣವ್ವ, ಹಸಿವಾಯ್ತದೆ" ಎಂದೆ, ರೆಕಾರ್ಡರಿಗೂ ಕೇಳುವಷ್ಟು ಗಟ್ಟಿಯಾಗಿ.