ಹೊಂಗೆಮರದ ಜೋಲಿ

ಬೆಳಿಗ್ಗೆ ಏಳಕ್ಕೆ ಸರಿಯಾಗಿ ಜಯನಗರದ ಮನೆ ಬಿಟ್ಟೆ. ಕನಕಪುರ ರಸ್ತೆಯವರೆಗೆ ನಡೆದು ಬಸ್ಸು ಹತ್ತಿದೆ. ಜರಗನಹಳ್ಳಿಗೆ ಹದಿನೈದು ನಯಾಪೈಸೆ. ಮಾರ್ಗಶಿರದ ಮಂಜಿನಲ್ಲಿ ಹತ್ತು ಮಾರು ಮುಂದಿನ ಎತ್ತಿನಗಾಡಿಯೂ ಕಾಣುತ್ತಿರಲಿಲ್ಲ.

ಹಬ್ಬಕ್ಕೆ ಕರೆದವಳು ನಮ್ಮ ಮನೆಗೆ ಸೊಪ್ಪು ತರುವ ಕಾವೇರಮ್ಮ. ಅವಳ ಹಿರಿಯರು ಧರ್ಮಪುರಿ ಕಡೆಯಿಂದ ರಾಗಿ ಕೊಯ್ಲಿಗೆ ನಡೆದು ಬಂದು ಇಲ್ಲೇ ನಿಂತ ಕೂಲಿಯವರು. ಅವರ ನೆನಪಿಗೆ ವರ್ಷಕ್ಕೊಮ್ಮೆ ಈ ಹಬ್ಬ. ಅದಕ್ಕೆಂದೇ ಹೊಲದ ಯಜಮಾನರು ಒಂದು ಪಟ್ಟೆ ರಾಗಿ ಕೊಯ್ಯದೆ ಬಿಟ್ಟಿರುತ್ತಾರೆ.

ನಾನು ಇಳಿದಾಗ ಅವಳು ಕಾದಿದ್ದಳು. ಗಡಿಯಾರ ನೋಡಿದೆ.

“ಹಬ್ಬಕ್ಕೂ ಬೆಲ್ ಹೊಡೀತೀರಾ ಮೇಷ್ಟ್ರೇ?” ಎಂದು ನಕ್ಕಳು.

ಕೆರೆ ಏರಿಯ ಮೇಲೆ ನಡೆಯುತ್ತ ಹಬ್ಬದ ಕಾರಣ ಹೇಳಿದಳು. “ಮೊದಲ ವರ್ಷ ನಮ್ಮವ್ವ ನನ್ನಣ್ಣನ್ನ ಮರದ ಜೋಲೀಲಿ ಮಲಗಿಸಿ ಕೊಯ್ಯೋಕೆ ಕೂತ್ಲು. ತಿರುಗಿ ನೋಡಿದ್ರೆ ಮೇಸ್ತ್ರಿ ಬೈತಾನೆ. ಸಾಲು ಮುಗಿಸಿ ಬಂದ್ರೆ ಜೋಲಿ ಬರಿದು. ತೋಳ.”

ಏರಿಯ ಎರಡೂ ಬದಿಯ ಪೊದೆಗಳನ್ನು ನೋಡದೆ ನಡೆಯುವುದು ನನಗೆ ಆಗಲಿಲ್ಲ.

ಅಂದಿನಿಂದ, ಆ ವರ್ಷ ಹುಟ್ಟಿದ ಕೂಸನ್ನು ಹೊಂಗೆಮರದ ಜೋಲಿಯಲ್ಲಿ ಮಲಗಿಸಿ, ಹೆಂಗಸರು ಬೆನ್ನು ತಿರುಗಿಸಿ ಒಂದು ಸಾಲು ಕೊಯ್ಯುತ್ತಾರೆ. ಸಾಲು ಮುಗಿಯುವವರೆಗೆ ಯಾರೂ ಕೂಸನ್ನು ಮುಟ್ಟುವಂತಿಲ್ಲ. ಈ ಸಲ ಮಲಗಿದ್ದುದು ಕಾವೇರಮ್ಮನ ಮೂರು ತಿಂಗಳ ಮೊಮ್ಮಗಳು. ಸೊಸೆ ಸೆಲ್ವಿ ಹೊಸ ಸೀರೆಯಿಂದ ಜೋಲಿ ಕಟ್ಟಿ, ಹಗ್ಗಕ್ಕೆ ಹೂ ಸುತ್ತಿದ್ದಳು. ನನಗೆ ಮರದ ಕೆಳಗೆ ಚಾಪೆ ಹಾಸಿದರು.

ತಮಟೆ ಶುರುವಾಯಿತು. ಹೆಂಗಸರು ಸಾಲಿನ ಅರ್ಧ ದಾಟಿದ್ದರು. ಆಗ ಹಗ್ಗದ ಮೇಲೆ ಕೆಂಪಗೆ ಏನೋ ಜಾರಿದಂತಾಯಿತು. ಕೆಂಜಿರುವೆ. ಕೊಂಬೆಯಿಂದ ಸಾಲಾಗಿ ಹೂವಿನೊಳಗೆ ನುಗ್ಗಿ ಕೆಳಗಿಳಿಯುತ್ತಿದ್ದವು. ಕೂಗಿದೆ. ತಮಟೆಯ ಸದ್ದಿಗೆ ನನ್ನ ದನಿ ನನಗೇ ಕೇಳಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ನಿಯಮ ಕಲಿಸಿದವನು ನಾನು. ಇವರ ನಿಯಮ ಮುರಿಯಲು ಕೈ ಏಳಲಿಲ್ಲ. ಮೊದಲ ಇರುವೆ ಕೂಸಿನ ಹಣೆಗೆ ಬಂತು.

ಎತ್ತಿಕೊಂಡೆ. ಚಳಿಗಾಳಿ ತಾಗದಂತೆ ಹತ್ತಿರದ ಬಣವೆಯ ಹಿಂದಕ್ಕೆ ಓಡಿ, ಬಟ್ಟೆ ಬಿಚ್ಚಿ ಕೊಡವಿದೆ. ಕೂಸು ಚೀರಿತು. ಅಷ್ಟರಲ್ಲಿ ತಮಟೆ ನಿಂತಿತು.

ಆಗ ಕೇಳಿಸಿದ ಸೆಲ್ವಿಯ ಕೂಗನ್ನು ಬರೆಯಲಾರೆ. ಅವಳ ಮುಂದೆ ಜೋಲಿ ಬರಿದಾಗಿತ್ತು. ನಾನು ಬಣವೆಯಿಂದ ಈಚೆ ಬಂದಾಗ ಕುಡುಗೋಲು ಹಿಡಿದೇ ನನ್ನೆಡೆಗೆ ಓಡಿಬಂದಳು. ಜೋಲಿಯತ್ತ ಕೈ ತೋರಿಸಿದೆ.

ಹಗ್ಗ ನೋಡಿ ಕಾವೇರಮ್ಮನ ಮುಖ ಕಳೆಗುಂದಿತು. “ಇರುವೆಗೆ ಸುತ್ತೋ ಸೀಮೆಎಣ್ಣೆ ಬಟ್ಟೆ ಎಲ್ಲೇ?”

“ಹೊಸ ಸೀರೆ ಅತ್ತೆ... ವಾಸನೆ ಬರುತ್ತೆ ಅಂತ...”

“ಕೂಲಿ ದಿನ ಒಂದು ಸಲಾನೂ ಮರೀಲಿಲ್ಲ. ಹಬ್ಬದ ದಿನ ಮರ್ತ್ವಲ್ಲೇ!”

ಕೂಸಿನ ಹಣೆಯಲ್ಲಿ ಮೂರು ಕೆಂಪು ಗುಳ್ಳೆಗಳಷ್ಟೇ ಇದ್ದವು. ಮುದ್ದೆ, ಅವರೆಕಾಳಿನ ಸಾರು ಬಡಿಸಿದರು.

ಹನ್ನೊಂದೂವರೆಯ ಬಸ್ಸಿಗೆ ಹೊರಟು ಏರಿಯ ಮೇಲಿಂದ ತಿರುಗಿ ನೋಡಿದೆ. ಜೋಲಿಯ ಹಗ್ಗಕ್ಕೆ ಸೀಮೆಎಣ್ಣೆಯಲ್ಲಿ ಅದ್ದಿದ ಹಳೇ ಬಟ್ಟೆ ಸುತ್ತಿತ್ತು. ಹೆಂಗಸರು ಉಳಿದ ರಾಗಿಯನ್ನು ಆಚೆ ತುದಿಯಿಂದ ಕೊಯ್ಯುತ್ತಿದ್ದರು, ಎಲ್ಲರೂ ಮರದ ಕಡೆಗೆ ಮುಖಮಾಡಿ.