ದೊಡ್ಡಪ್ಪನ ಜೀಪು

ಬಿಸಿಲಿಗೆ ಕಾದ ಟಾರ್ಪಾಲು, ಹಳೆಯ ಡೀಸೆಲ್ಲು, ಬಿರಿದ ರೆಕ್ಸಿನ್ನಿನಿಂದ ಇಣುಕುವ ತೆಂಗಿನ ನಾರು, ಇವೆಲ್ಲ ಬೆರೆತ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನಾನು ಪಣಕಹಳ್ಳಿಯ ನಮ್ಮ ಹಳೇ ಮನೆಯ ಅಂಗಳಕ್ಕೆ ಹೋಗಿಬಿಡುತ್ತೇನೆ. ನಿಮಗೂ ಅಂಥದೊಂದು ಅಂಗಳ ಇದ್ದಿರಬೇಕು. ನಮ್ಮ ಮನೆ ಈಗಿಲ್ಲ. ಅದನ್ನು ಕೆಡವಿದ ಜಾಗದಲ್ಲಿ ದೊಡ್ಡಪ್ಪನ ಮಗ ಶಿವಣ್ಣನ ತಾರಸಿ ಮನೆ ಎದ್ದಿದೆ. ಆಗ ಅಪ್ಪ, ದೊಡ್ಡಪ್ಪ ಒಟ್ಟಿಗಿದ್ದರು. ದೊಡ್ಡಪ್ಪನ ಜೀಪು ಬೆಳಗ್ಗೆ ಕೋಸಿನ ಮೂಟೆ ಹೊತ್ತು ತಾಳವಾಡಿಗೆ ಹೋದರೆ ಸಂಜೆ ಬಸ್ಸು ತಪ್ಪಿದವರನ್ನು ತುಂಬಿಕೊಂಡು ಬರುತ್ತಿತ್ತು. ಊರಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರನ್ನು ಹಾವು ಕಚ್ಚಿದರೂ ದೊಡ್ಡಪ್ಪ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳುತ್ತಿದ್ದ. ಸಂತೆಯ ದಿನ ನಾನು ಹಿಂದಿನ ಸೀಟಿನಲ್ಲಿ ಅವ್ವನಿಗೆ ಒತ್ತಿಕೊಂಡು ಕೂತು, ಅವಳ ಸೀರೆಯ ಸೀಗೆಪುಡಿ ಘಮವನ್ನು ಎಳೆದುಕೊಳ್ಳುತ್ತ, ಟಾರ್ಪಾಲಿನ ಸಂದಿಯಿಂದ ರಾಗಿ ಹೊಲಗಳು ಹಿಂದಕ್ಕೆ ಓಡುವುದನ್ನು ನೋಡುತ್ತಿದ್ದೆ.

ಅದೇ ಜೀಪಿನಲ್ಲಿ ಅವ್ವ ಹೋದಳು. ಅಪ್ಪ ಅವತ್ತು ಕೋಸು ಮಾರಲು ಚಾಮರಾಜನಗರಕ್ಕೆ ಹೋಗಿದ್ದ. ದಿನ ತುಂಬುವ ಮೊದಲೇ ಅವ್ವನಿಗೆ ನೋವು ಬಂತು; ರಕ್ತ ನಿಲ್ಲಲಿಲ್ಲ. ದೊಡ್ಡಪ್ಪ ಸತ್ಯಮಂಗಲದ ಆಸ್ಪತ್ರೆಗೆಂದು ಹೊರಟ. ಹಿಂದಿನ ಸೀಟಿನಲ್ಲಿ ದೊಡ್ಡವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ದಿಂಬಂ ಘಾಟಿಯ ತಿರುವುಗಳು ಮುಗಿಯುವ ಮೊದಲೇ ಅವ್ವನ ಉಸಿರು ನಿಂತಿತ್ತು. ಹೊಟ್ಟೆಯೊಳಗಿನ ಕೂಸೂ ಉಳಿಯಲಿಲ್ಲ. ಬಸ್ಸಿಳಿದು ಬಂದ ಅಪ್ಪ ಅಂಗಳದಲ್ಲಿ ನೆರೆದ ಜನವನ್ನು ನೋಡಿ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ.

ಆಮೇಲೆ ಅಪ್ಪ ಜೀಪು ಹತ್ತಲಿಲ್ಲ. ಮಾರಿಬಿಡು ಎಂದು ಒಮ್ಮೆ ಅಣ್ಣನಿಗೆ ಹೇಳಿದ. ನಾಳೆ ಇನ್ನೊಬ್ಬಳಿಗೆ ನೋವು ಬಂದರೆ ಯಾವುದರಲ್ಲಿ ಕರೆದುಕೊಂಡು ಹೋಗಲಿ ಎಂದು ದೊಡ್ಡಪ್ಪ ಕೇಳಿದ. ಇಬ್ಬರ ಮಾತಿನಲ್ಲೂ ತಪ್ಪಿರಲಿಲ್ಲ, ಆದರೂ ಅವರ ನಡುವೆ ಮಾತು ಕಮ್ಮಿಯಾಗುತ್ತ ಹೋಯಿತು. ಕಡೆಗೆ ಅಪ್ಪ ನನ್ನನ್ನು ಕರೆದುಕೊಂಡು ತಿಗನಾರೆ ಕಡೆಯ ಹೊಲದ ಮನೆ ಸೇರಿದ. ದೊಡ್ಡಪ್ಪ ಕೈ ಸೋಲುವ ತನಕ ಜೀಪು ಓಡಿಸಿದ. ಆಮೇಲೆ ಅದು ಹಿತ್ತಲಲ್ಲಿ ನಿಂತು, ಕೋಳಿಗಳು ಮೊಟ್ಟೆಯಿಡುವ ಜಾಗವಾಯಿತು.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡ. ಅವನ ನೆನಪಿಗೆ ಜೀಪು ರಿಪೇರಿ ಮಾಡಿಸುವ ಆಸೆ ಶಿವಣ್ಣನಿಗೆ. ಕರೆಸಿದ ಮೆಕ್ಯಾನಿಕ್ಕು, ಇಂಜಿನ್ ಹೇಗಾದರೂ ಎಬ್ಬಿಸಬಹುದು, ಆದರೆ ಅಡಿಯೆಲ್ಲ ತುಕ್ಕು ತಿಂದಿದೆ, ಗುಜರಿಗೆ ಹಾಕುವುದೇ ಮೇಲು ಎಂದನಂತೆ. ದೊಡ್ಡವ್ವ ಮಾತ್ರ ಮಾದಪ್ಪನನ್ನು ಕೇಳದೆ ಏನೂ ಮಾಡಬೇಡಿ ಎಂದು, ತಾಳವಾಡಿಯಲ್ಲಿರುವ ನನ್ನನ್ನು ಕರೆಸಿದಳು. ಮಾದಪ್ಪ ಎಂದರೆ ನನ್ನಪ್ಪ. ನಾನು ಹೋಗಿ ವಿಷಯ ಹೇಳಿದಾಗ ಅಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ನನ್ನ ಸ್ಕೂಟರಿನ ಹಿಂದೆ ಕೂತ.

ಹಿತ್ತಲಿಗೆ ಹೋಗಿ ಜೀಪಿನ ಮುಂದೆ ನಿಂತ. ಆಮೇಲೆ ದೊಡ್ಡವ್ವನ ಕಡೆ ತಿರುಗದೆಯೇ ಕೇಳಿದ: "ಅತ್ತಿಗ, ಅವತ್ತು ಅವ್ಳು ಏನಾರ ಏಳುದ್ಲಾ?"

ಇಷ್ಟು ವರ್ಷದಲ್ಲಿ ಅವನು ಅದನ್ನು ಕೇಳಿರಲಿಲ್ಲ. ದೊಡ್ಡವ್ವ ಬೇಲಿಯ ಗೂಟ ಹಿಡಿದುಕೊಂಡಳು.

"ಚಳಿ ಅಂದ್ಲು ಕಣಪ್ಪ. ನನ್ ಸೆರುಗ ಒದುಸ್ದಿ. ಚಾಮ್ರಾಜ್‌ನಗರದ ಬಸ್ಸು ಬಂತಾ ಅಂತ ಕೇಳುದ್ಲು. ಆಮೇಕ ಏನೂ ಏಳ್ನಿಲ್ಲ."

ಅಪ್ಪ ಬರಬೇಕಿದ್ದ ಬಸ್ಸು ಅದು. ಅವನು ಜೀಪಿನ ಹಿಂಬಾಗಿಲು ಎಳೆದ. ಬಾಗಿಲು ಬರಲಿಲ್ಲ; ಶಿವಣ್ಣ ಬಂದು ಕಿತ್ತು ತೆಗೆದ. ಅಪ್ಪ ಒಳಗೆ ಹತ್ತಿ, ನಾರು ಎದ್ದ ಆ ಸೀಟಿನ ತುದಿಯಲ್ಲಿ ಕೂತು, ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ಸವರುತ್ತಿದ್ದ. ಇಳಿದ ಮೇಲೆ ಅವನು ಹೇಳಿದ್ದು ಇಷ್ಟೇ: "ಕೊಟ್ಬುಡಿ."

ಶಿವಣ್ಣ ಏನೋ ಹೇಳಹೋದ. ದೊಡ್ಡವ್ವ ಕಣ್ಣಲ್ಲೇ ತಡೆದಳು.

ಗುಜರಿಯವರು ಸರಪಳಿ ಕಟ್ಟಿ ಅದನ್ನು ಎಳೆದುಕೊಂಡು ಹೋದ ದಿನವೂ ಅಪ್ಪ ಬಂದಿದ್ದ. ಲಾರಿ ಮರೆಯಾದ ಮೇಲೂ ರಸ್ತೆಯಲ್ಲೇ ನಿಂತಿದ್ದವನನ್ನು ದೊಡ್ಡವ್ವ ಕೈ ಹಿಡಿದು ಒಳಗೆ ಕರೆತಂದಳು. ಇಬ್ಬರೂ ಗೋಡೆಗೆ ಒರಗಿ ಕೂತರು. ನಾನು ನೀರು ತಂದುಕೊಟ್ಟೆ. ಯಾರೂ ಮುಟ್ಟಲಿಲ್ಲ.