ಹನ್ನೊಂದು ಮದರ್‌ಬೋರ್ಡ್‌ಗಳು

ದೆಹಲಿಯ ಓಖ್ಲಾದ ಆ ಕಚೇರಿಯಲ್ಲಿ ನಾನು ಏನು ಕೆಲಸ ಮಾಡುತ್ತಿದ್ದೆ ಎಂಬುದನ್ನು ಊರಿನಲ್ಲಿದ್ದ ತಾಯಿಗೆ ಫೋನಿನಲ್ಲಿ ವಿವರಿಸಲು ನನಗೆ ಒಮ್ಮೆಯೂ ಸಾಧ್ಯವಾಗಲಿಲ್ಲ. ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಕಂಪ್ಯೂಟರುಗಳು ನಮ್ಮಲ್ಲಿಗೆ ಬರುತ್ತಿದ್ದವು. ಒಳಗಿನ ಮಾಹಿತಿ ಹೊರಗೆ ಹೋಗಬಾರದೆಂದು ಅವರು ಹಾರ್ಡ್ ಡಿಸ್ಕುಗಳನ್ನು ಮೊದಲೇ ಬಿಚ್ಚಿಟ್ಟುಕೊಳ್ಳುತ್ತಿದ್ದರು. ಡಿಸ್ಕಿನೊಂದಿಗೆ ಆಪರೇಟಿಂಗ್ ಸಿಸ್ಟಮ್ ಕೂಡ ಹೋಗಿರುತ್ತಿತ್ತು. ಸ್ವಿಚ್ ಒತ್ತಿದರೆ ಕಪ್ಪು ಪರದೆ, ಅದರ ಮೇಲೆ ಡಿಸ್ಕ್ ಸಿಗಲಿಲ್ಲವೆಂಬ ಒಂದು ಸಾಲು. ಅಂಥ ಯಂತ್ರದ ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಸೀರಿಯಲ್ ನಂಬರ್ ಏನು ಎಂಬುದನ್ನು ತಿಳಿದು ಪಟ್ಟಿ ಮಾಡುವುದು ನನ್ನ ಕೆಲಸವಾಗಿತ್ತು.

ಅದನ್ನು ನನಗೆ ಕಲಿಸಿದವರು ಕೊಡಗಿನ ಒಬ್ಬ ಹಿರಿಯರು. ಸೇನೆಯಲ್ಲಿ ವೈರ್‌ಲೆಸ್ ಸೆಟ್ಟುಗಳನ್ನು ರಿಪೇರಿ ಮಾಡುತ್ತ ಹವಾಲ್ದಾರರಾಗಿ ನಿವೃತ್ತರಾಗಿದ್ದರು. ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದ ಮಗಳೊಂದಿಗೆ ಕಿದ್ವಾಯಿ ನಗರದ ಕ್ವಾರ್ಟರ್ಸ್‌ನಲ್ಲಿ ವಾಸವಾಗಿದ್ದರು. ಕಚೇರಿಯವರಿಗೆಲ್ಲ ಅವರು ಫೌಜಿ ಸಾಹಬ್, ನನಗೊಬ್ಬಳಿಗೆ ಅಂಕಲ್. ಮೊದಲ ದಿನ ಕಪ್ಪು ಪರದೆಯ ಮುಂದೆ ನಾನು ಬೆವರುತ್ತಿದ್ದಾಗ ಅವರು ಪಕ್ಕಕ್ಕೆ ಬಂದು ನಿಂತರು.

"ಗಾಬರಿ ಯಾಕಮ್ಮ? ಅದಕ್ಕೆ ತಲೆ ಇಲ್ಲ, ಅಷ್ಟೆ. ನಾವು ಜೇಬಲ್ಲಿ ತಲೆ ಇಟ್ಕೊಂಡು ಬಂದಿದ್ದೀವಲ್ಲ" ಎಂದು ಪೆನ್‌ಡ್ರೈವ್ ತೆಗೆದು ಸಿಕ್ಕಿಸಿದರು. ಅದರೊಳಗೆ ಒಂದು ಪುಟ್ಟ ಸಿಸ್ಟಮ್ ಇತ್ತು. ಅದು ಡಿಸ್ಕಿನ ಹಂಗಿಲ್ಲದೆ ಮೆಮೊರಿಯಲ್ಲೇ ಎದ್ದು ಕುಳಿತು, ಒಂದೊಂದು ಭಾಗವನ್ನೂ ವಿಚಾರಿಸಿ, ಬಂದ ಉತ್ತರಗಳನ್ನು ಮತ್ತೆ ಪೆನ್‌ಡ್ರೈವಿಗೇ ಬರೆದುಕೊಳ್ಳುತ್ತಿತ್ತು.

ಅಂಕಲ್ ಯಾವ ಯಂತ್ರವನ್ನೂ ಸುಲಭವಾಗಿ ಗುಜರಿಗೆ ಬಿಡುತ್ತಿರಲಿಲ್ಲ. ಪೆಟ್ಟಿಗೆ ಜಜ್ಜಿಹೋದ ಒಂದರಿಂದ ಮದರ್‌ಬೋರ್ಡ್ ಬಿಚ್ಚಿ, ಪೆಟ್ಟಿಗೆ ಚೆನ್ನಾಗಿದ್ದು ಬೋರ್ಡ್ ಸುಟ್ಟುಹೋದ ಇನ್ನೊಂದಕ್ಕೆ ಕೂರಿಸಿ, ಎರಡು ಸತ್ತ ಯಂತ್ರಗಳಿಂದ ಒಂದನ್ನು ಬದುಕಿಸುತ್ತಿದ್ದರು. ಪ್ಯಾಕಿಂಗ್ ವಿಭಾಗದವನು, ಇವತ್ತು ಎಷ್ಟು ಮದುವೆ ಮಾಡಿಸಿದಿರಿ ಎಂದು ಅವರನ್ನು ಛೇಡಿಸುತ್ತಿದ್ದ: "ಫೌಜಿ ಸಾಹಬ್, ಆಜ್ ಕಿತ್ನೀ ಶಾದಿ ಕರಾಯೀ?"

"ಏಕ್ ಶಾದಿ, ಏಕ್ ತಲಾಕ್. ಚಲೋ, ಚಾಯ್ ಪಿಲಾವೋ."

ಮೊದಮೊದಲು ಪೆಟ್ಟಿಗೆಯ ಹಿಂದಿನ ಸ್ಟಿಕ್ಕರ್ ನೋಡಿ ಸೀರಿಯಲ್ ನಂಬರ್ ಬರೆದುಕೊಳ್ಳುವ ರೂಢಿಯಿತ್ತು. ಅನಂತರ, ಯಂತ್ರದ ಒಳಗಿನಿಂದ ಓದಿದ ನಂಬರನ್ನೇ ಯಥಾವತ್ತಾಗಿ ನಮೂದಿಸಬೇಕೆಂಬ ಆದೇಶ ಬಂತು. ಒಳಗಿನ ನಂಬರ್ ಇರುವುದು ಮದರ್‌ಬೋರ್ಡಿನಲ್ಲಿ; ಬೋರ್ಡ್ ಬದಲಾದರೆ ನಂಬರೂ ಬದಲಾಗುತ್ತದೆ. ಹನ್ನೊಂದು ಯಂತ್ರಗಳಲ್ಲಿ ಸ್ಟಿಕ್ಕರಿಗೂ ಒಳಗಿನ ನಂಬರಿಗೂ ತಾಳೆಯಾಗಲಿಲ್ಲ. ಕಾರಣ ನನಗೆ ಗೊತ್ತಿತ್ತು. ಅವುಗಳಲ್ಲಿ ನಾಲ್ಕಕ್ಕೆ ಅಂಕಲ್ ಬೋರ್ಡ್ ಕೂರಿಸುವಾಗ ಮೊಬೈಲ್ ಟಾರ್ಚ್ ಹಿಡಿದು ನಿಂತವಳು ನಾನೇ.

ಪಟ್ಟಿಯ ಕೊನೆಯಲ್ಲಿ ಷರಾ ಬರೆಯಲು ಒಂದು ಅಂಕಣವಿತ್ತು. ನಾನು ಅದನ್ನು ಖಾಲಿ ಬಿಟ್ಟೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಪರೀಕ್ಷೆಯಲ್ಲಿ ಹೇಗೆ ಬರೆಯಬೇಕೆಂದು ಹೇಳಿಕೊಡುವವರು ಯಾರೂ ಇರಲಿಲ್ಲವಾದ್ದರಿಂದ ಒಂದು ನಿಯಮವನ್ನು ನಾನೇ ಮಾಡಿಕೊಂಡಿದ್ದೆ: ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯಬೇಕು, ಹೆಚ್ಚಿಗೆ ಬರೆದಲ್ಲಿಯೇ ಅಂಕ ಕಳೆಯುತ್ತಾರೆ. ಆ ನಿಯಮದಿಂದಲೇ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದೆ. ಯಥಾವತ್ತಾಗಿ ನಮೂದಿಸಿ ಎಂದಿದ್ದರು, ನಮೂದಿಸಿದೆ. ಎರಡು ಬಾರಿ ಪರಿಶೀಲಿಸಿ ಕಳುಹಿಸಿದೆ.

ಮೂರನೆಯ ದಿನ ಅಂಕಲ್‌ರನ್ನು ಮ್ಯಾನೇಜರ್ ಕರೆಸಿದರು. ಪಟ್ಟಿಯ ಪ್ರತಿಯೊಂದಿಗೆ ನನ್ನನ್ನೂ ಕರೆಸಿದರು. ಒಳಗಿನಿಂದ ಬಂದ ಆ ಹನ್ನೊಂದು ನಂಬರುಗಳು ಗುಜರಿಗೆ ಹೋದವೆಂದು ಹಿಂದೆಯೇ ದಾಖಲಾಗಿದ್ದ ಯಂತ್ರಗಳವು. ಒಳ್ಳೆಯ ಯಂತ್ರಗಳನ್ನು ಹೊರಗೆ ಸಾಗಿಸಿ, ಅವುಗಳ ಸ್ಟಿಕ್ಕರುಗಳನ್ನು ಕಿತ್ತು ಗುಜರಿಯ ಮಾಲಿಗೆ ಅಂಟಿಸಲಾಗಿದೆ ಎಂದು ಅವರು ತೀರ್ಮಾನಿಸಿದ್ದರು.

"ಬೋರ್ಡ್ ಬದ್ಲಾ ಹೈ, ಸರ್. ಮೈನೇ ಖುದ್ ಬದ್ಲಾ ಹೈ." ಬೋರ್ಡ್ ಬದಲಿಸಿದ್ದು ತಾವೇ ಎಂದರು ಅಂಕಲ್.

"ಕಹಾಂ ಲಿಖಾ ಹೈ?" ಎಲ್ಲಿ ಬರೆದಿದೆ ಎನ್ನುತ್ತ ಮ್ಯಾನೇಜರ್ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಖಾಲಿ ಅಂಕಣದ ಮೇಲೆ ಬೆರಳಾಡಿಸಿದರು. "ಲಿಖಾ ತೋ ಕುಛ್ ನಹೀಂ. ಮಷೀನ್ ಝೂಠ್ ನಹೀಂ ಬೋಲ್ತೀ, ಫೌಜಿ ಸಾಹಬ್." ಯಂತ್ರ ಸುಳ್ಳು ಹೇಳುವುದಿಲ್ಲವಂತೆ.

ಅಂಕಲ್ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ. ಮ್ಯಾನೇಜರ್ ನನ್ನನ್ನು ಏನೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ನಾನು ಉತ್ತರಿಸಲಿಲ್ಲ. ಸೇನೆಯಲ್ಲಿದ್ದವರೆಂಬ ಗೌರವಕ್ಕೆ ಪೊಲೀಸರಿಗೆ ತಿಳಿಸುವುದಿಲ್ಲ, ಸೋಮವಾರದಿಂದ ಬರುವುದು ಬೇಡ ಎಂದರು. ಅಂಕಲ್ ಸ್ಕ್ರೂಡ್ರೈವರ್‌ಗಳನ್ನು ಒರೆಸಿ, ಗಾತ್ರಕ್ಕೆ ತಕ್ಕಂತೆ ಸಾಲಾಗಿ ಮೇಜಿನ ಮೇಲಿಟ್ಟು ಹೋದರು.

ಎರಡು ವಾರ ಕಷ್ಟಪಟ್ಟು ಇಂಗ್ಲಿಷಿನಲ್ಲಿ ಎರಡು ಪುಟದ ಪತ್ರ ಬರೆದೆ. ಯಾವ ಬೋರ್ಡ್ ಯಾವುದರಿಂದ ಯಾವುದಕ್ಕೆ ಹೋಯಿತೆಂಬ ವಿವರ ಅದರಲ್ಲಿತ್ತು. ಒಂದು ಭಾನುವಾರ ಅದನ್ನು ಹಿಡಿದು ಕಿದ್ವಾಯಿ ನಗರಕ್ಕೆ ಹೋದೆ. ಬಾಗಿಲು ತೆರೆದ ಮೊಮ್ಮಗಳು ಒಳಕ್ಕೆ ಕೂಗಿದಳು: "ಅಜ್ಜ, ಕೋಯೀ ದೀದಿ ಆಯೀ ಹೈ."

ಅಂಕಲ್ ಪತ್ರವನ್ನು ಓದಿದರು. ಒಂದೊಂದು ನಂಬರಿನ ಮೇಲೂ ಪೆನ್ನಿನ ತುದಿ ನಿಲ್ಲಿಸಿ ಮುಂದೆ ಹೋದರು.

"ಹನ್ನೊಂದೂ ಸರಿಯಾಗಿದೆ" ಎಂದರು.

"ನಾಳೆ ಕೊಡ್ತೀನಿ, ಅಂಕಲ್."

"ಕೊಟ್ರೆ, ಮೊದಲೇ ಯಾಕೆ ಬರೀಲಿಲ್ಲ ಅಂತ ಕೇಳ್ತಾರಮ್ಮ. ಪ್ರೊಬೇಷನ್ ಮುಗೀತಾ ನಿಂದು?"

"ಇನ್ನೂ ಎರಡು ತಿಂಗಳಿದೆ."

"ಹಾಗಾದ್ರೆ ಬೇಡ." ಪತ್ರವನ್ನು ನಾಲ್ಕು ಮಡಿಕೆ ಮಾಡಿ ಚಾಚಿದರು. ಕೊಟ್ಟೇ ಕೊಡುತ್ತೇನೆಂದು ನಾನು ಹಟ ಹಿಡಿಯಬೇಕಿತ್ತು. ಅವರ ಮಾತು ಮುಗಿಯುವ ಮೊದಲೇ ನನ್ನ ಕೈ ಮುಂದೆ ಹೋಗಿತ್ತು. ಪತ್ರ ಬ್ಯಾಗಿನೊಳಗೆ ಸೇರಿದಾಗ ನನಗಾದದ್ದು ನೆಮ್ಮದಿ ಎಂಬುದನ್ನು ಇಲ್ಲಿಯವರೆಗೆ ಯಾರ ಬಳಿಯೂ ಹೇಳಿಲ್ಲ.

ಅಷ್ಟರಲ್ಲಿ ಮಗಳು ಕಾಫಿ ತಂದರು. "ನೀವಾದ್ರೂ ಹೇಳಿ ಇವರಿಗೆ. ಕಣ್ಣು ಮಂಜಾಗಿದೆ, ಸಣ್ಣ ಸ್ಕ್ರೂ ಕಾಣಲ್ಲ ಅಂತ ಕೆಲಸಾನೇ ಬಿಟ್ರು. ಡಾಕ್ಟರಿಗೆ ತೋರಿಸೋಣ ಅಂದ್ರೆ ಬರಲ್ಲ ಅಂತಾರೆ."

ಅಂಕಲ್ ಲೋಟದೊಳಗೆ ನೋಡುತ್ತಿದ್ದರು. ಇಬ್ಬರೂ ನನ್ನ ಮಾತಿಗಾಗಿ ಕಾಯುತ್ತಿದ್ದರು.

"ತೋರಿಸ್ಕೊಳ್ಳಿ, ಅಂಕಲ್" ಎಂದೆ.

"ಅಚ್ಛಾ" ಎಂದರು ಅವರು. "ಮುಂದಿನ ವಾರ ಹೋಗೋಣ."